ಪಟಿಕದ ಮಂಡಕ್ಕಿ

ದಾವಣಗೆರೆಯಲ್ಲಿ ಒಂದು ಕಾನೂನಿದೆ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಮಂಡಕ್ಕಿ ಬುಟ್ಟಿ ಕಣ್ಣಿಗೆ ಬಿದ್ದರೆ ಒಂದು ಮುಷ್ಟಿ ಬಾಯಿಗೆ ಹಾಕಿಕೊಳ್ಳದೆ ಮುಂದೆ ಹೋಗಬಾರದು. ಬುಟ್ಟಿ ಯಾರದ್ದು ಎಂದು ಕೇಳುವ ಪದ್ಧತಿಯಿಲ್ಲ. ಮದುವೆಗೆ ಹೊರಟವರು, ಕೋರ್ಟಿಗೆ ಹೊರಟವರು, ಸತ್ತವರ ಮನೆಗೆ ಹೊರಟವರು ಕೂಡ ಮುಖ ಸಪ್ಪಗೆ ಇಟ್ಟುಕೊಂಡೇ ಕೈ ಹಾಕುತ್ತಾರೆ. ನಮ್ಮಪ್ಪನ ಪಟಿಕದ ಫ್ಯಾಕ್ಟರಿ ಇವತ್ತು ನಿಂತಿರುವುದು ಈ ಕಾನೂನಿನ ಮೇಲೆ. ಅದಕ್ಕಿಂತ ಮುಂಚೆ ನನ್ನ ಬುದ್ಧಿಯ ಮೇಲೆ. ಎರಡನ್ನೂ ಹೇಳುತ್ತೇನೆ. ಬುದ್ಧಿಯ ಭಾಗ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ನನಗಿನ್ನೂ ಹದಿನೇಳು, ಮೇಲಾಗಿ ನಾನು ದಾವಣಗೆರೆಯವಳು; ಖಾರ ಹಚ್ಚದೆ ಮಂಡಕ್ಕಿಯನ್ನೇ ತಿನ್ನದವಳು ಕಥೆಯನ್ನು ಹೇಗೆ ಸಪ್ಪಗೆ ಹೇಳಲಿ?

ಪಟಿಕ ಗೊತ್ತಲ್ಲ, ಗಡ್ಡ ಹೆರೆದ ಮೇಲೆ ಕ್ಷೌರದವರು ಕೆನ್ನೆಗೆ ಉಜ್ಜುವ ಗಾಜಿನಂಥ ಕಲ್ಲು. ರಾಡಿ ನೀರಿನ ಕೊಡದಲ್ಲಿ ಅದನ್ನು ನಾಲ್ಕು ಸುತ್ತು ಆಡಿಸಿ ಬಿಟ್ಟರೆ ಮಣ್ಣೆಲ್ಲ ತಳಕ್ಕೆ ಹೋಗಿ ಕೂರುತ್ತದೆ, ಮೇಲೆ ತಿಳಿನೀರು. ಮಳೆಗಾಲದಲ್ಲಿ ತುಂಗಭದ್ರೆ ಹೋಟೆಲ್ ಚಹಾದ ಬಣ್ಣಕ್ಕೆ ತಿರುಗಿದಾಗ ಊರ ನಲ್ಲಿಗೆ ನೀರು ಬಿಡುವ ವಾಟರ್ ವರ್ಕ್ಸಿನವರಿಗೆ ಇದು ಚೀಲಗಟ್ಟಲೆ ಬೇಕು. ಆಗೆಲ್ಲ ಅದು ಬೊಂಬಾಯಿಯಿಂದ ರೈಲಿನಲ್ಲಿ ಬರುತ್ತಿತ್ತು. ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಹೊಳೆ ನಮ್ದು, ರಾಡಿ ನಮ್ದು, ಪಟಿಕ ಮಾತ್ರ ಬೊಂಬಾಯಿದ್ಯಾಕ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಅವ್ವ ಇನ್ನೊಂದು ಸೌಟು ಅನ್ನ ಬಡಿಸುತ್ತಿದ್ದಳು.

ಕೊನೆಗೆ ದೊಡ್ಡಪ್ಪನ ಹತ್ತಿ ಅಂಗಡಿಯ ಗಾದಿ ಬಿಟ್ಟು, ಹರಿಹರದ ಹೊಳೆದಂಡೆಯಲ್ಲಿ ತಗಡಿನ ಶೆಡ್ಡು ಹಾಕಿದ. ಅಪ್ಪ ಅವ್ವ ಹರಿಹರಕ್ಕೆ ಹೋದರು. ನಾನು ಶಾಲೆಯ ನೆಪದಲ್ಲಿ ದಾವಣಗೆರೆಯಲ್ಲೇ ದೊಡ್ಡಪ್ಪನ ಮನೆಯಲ್ಲಿ ಉಳಿದೆ.

ದೊಡ್ಡಪ್ಪನ ಬಗ್ಗೆ ಎರಡು ಮಾತು. ಅವರ ರುಮಾಲು ಬಾಗಿಲು ದಾಟಿದ ಸ್ವಲ್ಪ ಹೊತ್ತಿಗೆ ಅವರು ದಾಟುತ್ತಿದ್ದರು, ಅಷ್ಟು ದೊಡ್ಡದು. ಮಾತು ಕಡಿಮೆ. ಹತ್ತಿ ವ್ಯಾಪಾರದಲ್ಲಿ ಬಾಯಿ ಬೇಕಾಗಿಯೇ ಇಲ್ಲ. ಟವೆಲ್ಲಿನ ಕೆಳಗೆ ಇಬ್ಬರು ಬೆರಳು ಹಿಡಿದು ದರ ಹೇಳಿಕೊಳ್ಳುತ್ತಾರೆ, ಒಪ್ಪಿದರೆ ತಲೆ ಆಡಿಸುತ್ತಾರೆ. ತಲೆ ಆಡಿತೆಂದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಮಾತು ಬದಲಿಲ್ಲ. ದೊಡ್ಡಪ್ಪನ ತಲೆಗೆ ಬಜಾರಿನಲ್ಲಿ ಬ್ಯಾಂಕಿನ ಮರ್ಯಾದೆ ಇತ್ತು.

ಶೆಡ್ಡಿನಲ್ಲಿ ನಡೆಯುವ ಕೆಲಸ ಇಷ್ಟು. ಸೀಸದ ತಗಡು ಹೊದಿಸಿದ ದೊಡ್ಡ ಹಂಡೆಯಲ್ಲಿ ಕಲ್ಲಿನ ಪುಡಿ, ಆಸಿಡ್ಡು, ಇನ್ನೊಂದು ಥರದ ಉಪ್ಪು ಹಾಕಿ ಕುದಿಸುವುದು, ತಿಳಿಯನ್ನು ಮರದ ತೊಟ್ಟಿಗಳಿಗೆ ಬಸಿದು ಆರಲು ಬಿಡುವುದು. ಆರಿದ ಹಾಗೆ ತೊಟ್ಟಿಯ ಗೋಡೆಗೆಲ್ಲ ಕಲ್ಲುಸಕ್ಕರೆಯಂಥ ಹರಳು ಕಟ್ಟುತ್ತದೆ. ಕೆರೆದು, ತೊಳೆದು, ಒಣಗಿಸಿ ಚೀಲಕ್ಕೆ ತುಂಬುವುದು. ಒಣಗಿಸುವ ಮಾತು ಕೊನೆಯಲ್ಲಿ ಬಂತಲ್ಲವೇ? ಅಪ್ಪನೂ ಅದನ್ನು ಕೊನೆಯಲ್ಲೇ ಯೋಚಿಸಿದ್ದು.

ಒಣಗಿಸಲು ಶೆಡ್ಡಿನ ಮುಂದೆ ಬಯಲಿಗೆ ಒಂದು ಕಟ್ಟೆ ಹಾಕಿಸಿದ್ದ. ಶೆಡ್ಡು ಎದ್ದದ್ದೇ ಬೇಸಿಗೆಯ ಬಾಲದಲ್ಲಿ. ಇದ್ದ ನಾಲ್ಕು ಬಿಸಿಲಿಗೆ ಹರಳು ಬೆಳಿಗ್ಗೆ ಹರವಿದರೆ ಮಧ್ಯಾಹ್ನ ಗಲಗಲ ಎನ್ನುತ್ತಿತ್ತು. ಆದರೆ ಬೇಸಿಗೆಯಲ್ಲಿ ಹೊಳೆ ತಿಳಿ, ಪಟಿಕ ಯಾರಿಗೆ ಬೇಕು? ಬೇಕಾಗುವುದು ಮಳೆಗಾಲದಲ್ಲಿ, ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಬಿಸಿಲಿದ್ದಾಗ ಗಿರಾಕಿ ಇಲ್ಲ, ಗಿರಾಕಿ ಬಂದಾಗ ಬಿಸಿಲಿಲ್ಲ.

ದೊಡ್ಡಪ್ಪ ಬಂದು ನೋಡಿ ಹೇಳಿದರು: "ಹಂಡೆ ಆನೆ ಹೊಟ್ಟೆಯಷ್ಟೈತೆ, ಕಟ್ಟೆ ಇಲಿ ಬಾಲದಷ್ಟೈತೆ. ಕುದಿಸಿದ್ದೆಲ್ಲ ಎಲ್ಲಿ ಒಣಗಿಸ್ತೀಯೋ? ಇದು ಫ್ಯಾಕ್ಟರಿ ಅಲ್ಲ ತಮ್ಮಾ, ಹಪ್ಪಳದ ಸಂಸಾರ."

"ಮಾಡಿ ತೋರಿಸ್ತೀನಣ್ಣ."

"ತೋರ್ಸು. ಮೊದಲ್ನೇ ಆರ್ಡರು ಹೇಳಿದ ದಿನಕ್ಕೆ ಕೊಟ್ರೆ ನಿನ್ ದಾರಿ ನಿಂದು. ತಪ್ಪಿತೋ, ಈ ತಗಡು ಬಿಚ್ಚಿಸಿ ಹತ್ತಿಕಾಳಿನ ಗೋಡೌನ್ ಮಾಡ್ತೀನಿ. ನೀನು ಸುಮ್ನೆ ಬಂದು ಗಾದಿ ಮ್ಯಾಲೆ ಕೂಡು."

ಅಪ್ಪ ಆತು ಎಂದ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆ ಗಾದಿ ಅವನಿಗೆ ಮುಳ್ಳಿನ ಗಾದಿ.

ಆರ್ಡರು ಬಂದೇ ಬಂತು. ವಾಟರ್ ವರ್ಕ್ಸಿನ ಓವರ್‌ಸೀಯರು ಸಣಕಲು ಮನುಷ್ಯ, ಛತ್ರಿ ಮತ್ತು ಅವರನ್ನು ಅಕ್ಕಪಕ್ಕ ನಿಲ್ಲಿಸಿದರೆ ಯಾರನ್ನು ಮಡಿಸಬೇಕು ಎಂದು ಗೊಂದಲವಾಗಬೇಕು, ಹಾಗೆ. "ಸೋಮವಾರ ಲಾರಿ ತರ್ತೀನಿ" ಎಂದರು. "ಚೀಲದೊಳಗೆ ಕೈ ಹಾಕ್ತೀನಿ. ಕೈಗೆ ಒಂದು ಹರಳು ಅಂಟಿದ್ರೂ ಚೀಲ ವಾಪಸ್ಸು. ಹಸೀದು ತುಂಬಿದ್ರೆ ಎರಡೇ ದಿನಕ್ಕೆ ಚೀಲಕ್ಕೆ ಚೀಲ ಬಂಡೆ ಆಗ್ತೈತೆ. ಆಮೇಲೆ ಹಾರೆ ತಗಂಡು ನಾನು ಒಡೀಲಾ?"

ಅಪ್ಪನ ತೊಟ್ಟಿಗಳಲ್ಲಿ ಹರಳು ಬೇಕಾದಷ್ಟಿತ್ತು. ಅವತ್ತೇ ಮಳೆ ಹಿಡಿಯಿತು. ಎಂಥ ಮಳೆ ಎಂದರೆ, ಹರಿಹರದ ಕಪ್ಪೆಗಳಿಗೆ ನೆಗಡಿಯಾಗಿ ರಾತ್ರಿಯ ವಟವಟ ನಿಂತುಹೋಗಿತ್ತು. ಶನಿವಾರ ನಮ್ಮ ಶಾಲೆಯ ಹೆಂಚು ಸೋರಿ ರಜೆ ಕೊಟ್ಟರು. ಚಾಚಿಯ ಭಟ್ಟಿಯಿಂದ ಒಂದು ಸೇರು ಬಿಸಿ ಮಂಡಕ್ಕಿ ಕಟ್ಟಿಸಿಕೊಂಡು ನಾನು ರೈಲು ಹತ್ತಿ ಹರಿಹರಕ್ಕೆ ಬಂದೆ. ಚಾಚಿ ಎಂದರೆ ನಮ್ಮ ದೊಡ್ಡಪ್ಪನ ಮನೆಯ ಹಿಂದಿನ ಓಣಿಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವರು. ಅವರು ಮುಂದೆ ಬರುತ್ತಾರೆ. ಬರುವ ಮುಂಚೆ ಅವರ ದನಿ ಬರುತ್ತದೆ.

ಮನೆಯೊಳಗೆ ಕಾಲಿಡುತ್ತೇನೆ, ಕಾಲಿಡಲು ಜಾಗವಿಲ್ಲ. ಪಡಸಾಲೆಯಲ್ಲಿ ಪಟಿಕ, ಮಂಚದ ಮೇಲೆ ಪಟಿಕ, ಮಂಚದ ಕೆಳಗೆ ಪಟಿಕ, ತೊಟ್ಟಿಲು ಇಳಿಸಿ ಅದರ ತುಂಬ ಪಟಿಕ. ಅಪ್ಪ ಮೂಲೆಯಲ್ಲಿ ಕೂತು ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಹರಳುಗಳಿಗೆ ಇಸ್ತ್ರಿ ಮಾಡುತ್ತಿದ್ದ. ಸತ್ಯವಾಗಿಯೂ. ಒಂದು ಪಂಚೆಯ ಮೇಲೆ ಹರವಿ, ಇನ್ನೊಂದು ಪಂಚೆ ಮುಚ್ಚಿ, ಮದುವೆ ಶಲ್ಯಕ್ಕೆ ಎಳೆದಂತೆ ಎಳೆಯುತ್ತಿದ್ದ.

"ದೇವರ ಮನೇಲೂ ಹರವ್ಯಾನೆ" ಎಂದಳು ಅವ್ವ. "ದೀಪ ಹಚ್ಚೋಕೆ ಹೋದ್ರೆ, ಹಚ್ಚು ಹಚ್ಚು, ಬಿಸಿ ಆಗ್ಲಿ ಅಂತಾನೆ."

ಅಪ್ಪ ತಲೆ ಎತ್ತಲಿಲ್ಲ. "ಒಣಗೋಕೆ ಎಷ್ಟು ಜಾಗ ಐತೋ ಅಷ್ಟೇ ನನ್ ಫ್ಯಾಕ್ಟರಿ" ಎಂದ, ನಮಗಲ್ಲ, ಇಸ್ತ್ರಿಪೆಟ್ಟಿಗೆಗೆ. "ಹಂಡೆ ಊರಗಲ ಇದ್ದು ಏನ್ ಬಂತು?"

ನಾನು ತೊಟ್ಟಿಲು ಸರಿಸಿ ಕೂತು ಮಂಡಕ್ಕಿ ಬಾಯಿಗೆ ಹಾಕಿಕೊಂಡೆ. ಕರುಂ ಎಂದಿತು. ಅಂಥ ಮಳೆಯಲ್ಲಿ, ಬೆಂಕಿಪೊಟ್ಟಣವೇ ಮೆತ್ತಗಾದ ದಿನ, ಮಂಡಕ್ಕಿ ಕರುಂ! ಆ ಕ್ಷಣ ನನ್ನ ತಲೆಯಲ್ಲಿ ಬೆಳಕು ಬಿತ್ತು. ಅವ್ವ ಆಮೇಲೆ ಅದು ಮಿಂಚು ಎಂದಳು, ಮಿಂಚೂ ಇದ್ದಿರಬಹುದು.

ಚಾಚಿಯ ಭಟ್ಟಿಯ ಹಿಂಬದಿಗೆ, ಒಲೆಯ ಹೊಗೆ ಹೊರಗೆ ಹೋಗುವ ಕಾಲುವೆಯ ಮೇಲೆ ಬಂಡೆ ಹಾಸಿದ್ದಾರೆ. ಮೇಲೆ ಸೂರು. ಮಳೆಗಾಲದಲ್ಲಿ ನೆನೆಸಿದ ಅಕ್ಕಿ ಒಣಗುವುದು ಅಲ್ಲೇ. ಬಂಡೆ ಸುಡುವುದಿಲ್ಲ, ಬೆಚ್ಚಗೆ, ಜ್ವರ ಬಂದವರ ಹಣೆಯ ಹಾಗೆ. ಚಾಚಿಯ ಬೆಕ್ಕು ಮೃಗಶಿರದಲ್ಲಿ ಅದರ ಮೇಲೆ ಮಲಗಿದರೆ ದೀಪಾವಳಿಗೆ ಏಳುತ್ತದೆ.

"ಅಪ್ಪಾ, ಇಸ್ತ್ರಿ ಬಿಡು. ನಡಿ ದಾವಣಗೆರೆಗೆ" ಎಂದೆ.

ಅಪ್ಪ ಕೇಳಿ ಮುಗಿಸುವ ಹೊತ್ತಿಗೆ ಎದ್ದು ನಿಂತಿದ್ದ. ಭಾನುವಳ್ಳಿ ಕಡೆಯಿಂದ ಭಟ್ಟಿಗಳಿಗೆ ಭತ್ತ ಹೊರುವ ಗಾಡಿಯವರು ನಮ್ಮ ಶೆಡ್ಡಿನ ಮುಂದೆಯೇ ಹಾದುಹೋಗುತ್ತಾರೆ. ಅವರನ್ನು ನಿಲ್ಲಿಸಿ, ಭತ್ತದ ಪಕ್ಕಕ್ಕೆ ಹಸಿ ಪಟಿಕದ ಚೀಲ ಏರಿಸಿ, ತಾಡಪಾಲು ಹೊದಿಸಿ ಕಳಿಸಿದ. ನಾವಿಬ್ಬರು ಒಂದು ಚೀಲ ಜೊತೆಗಿಟ್ಟುಕೊಂಡು ರೈಲಿನಲ್ಲಿ ಮುಂದೆ ಹೋದೆವು. ಅಪ್ಪ ದಾರಿಯುದ್ದಕ್ಕೂ ಕಿಟಕಿಯಿಂದ ಆಕಾಶಕ್ಕೆ ಬೈಯುತ್ತಿದ್ದ.

ಚಾಚಿ ಬಾಗಿಲಲ್ಲೇ ಸಿಕ್ಕರು. "ಅರೆ, ಬೆಳಿಗ್ಗೆ ಒಯ್ದ ಮಂಡಕ್ಕಿ ಖಾಲಿ ಆತೇನ್ ಬೇಟಿ? ಹೊಟ್ಟೆ ಐತೋ ಗೋಡೌನ್ ಐತೋ?"

"ಚಾಚಿ, ನಿಮ್ಮ ಬೆಕ್ಕಿನ ಜಾಗ ಬೇಕಾಗೈತೆ."

ವಿಷಯ ಕೇಳಿದ ಮೇಲೆ ಚಾಚಿ ಚೀಲದಿಂದ ಒಂದು ಹರಳು ತೆಗೆದು, ಬೆಳಕಿಗೆ ಹಿಡಿದು, ಮೂಗಿಗೆ ಹಿಡಿದು, ನಕ್ಕರು. "ಸಾವ್ಕಾರ್ರೆ, ಮಳೆಗಾಲದಾಗ ಮಂಡಕ್ಕಿ ಗಿರಾಕಿ ಕಮ್ಮಿ. ಬಂಡೆ ಖಾಲಿನೇ ಐತೆ. ಆದ್ರೆ ಬಂಡೆ ಮ್ಯಾಲೆ ಒಣಗೋತನಕ ಯಾಕ್ ಕಾಯ್ತೀರಿ? ಬಾಣಲೆಗೆ ಹಾಕಿ ನಾಕು ಕೈ ಆಡಿಸಿದ್ರೆ ಗರಿಗರಿ. ಮೂವತ್ತು ವರ್ಷದಿಂದ ಒಣಗಿಸ್ತಿದೀನಿ, ನನಗೆ ಹೇಳ್ತೀರಾ?"

"ಬ್ಯಾಡ ಚಾಚಿ, ಬಂಡೇನೇ ಸಾಕು" ಎಂದೆ. ಇದನ್ನು ದಯವಿಟ್ಟು ಗಮನಿಸಿ. ಆ ಓಣಿಯಲ್ಲಿ ಆ ಹೊತ್ತು ಹಾಗೆಂದವಳು ನಾನೊಬ್ಬಳೇ.

ಅಪ್ಪನಿಗೆ ಅವಸರ. "ನೋಡಾಣ, ಹಾಕ್ರಿ ಅಕ್ಕಾರೆ" ಎಂದುಬಿಟ್ಟ.

ಚಾಚಿ ಮಂಡಕ್ಕಿ ಹುರಿಯುವ ಮರಳು ತೆಗೆದು ಬಾಣಲೆ ಒರೆಸಿದರು. ಹೊಟ್ಟಿನ ಬೆಂಕಿ ಕೆರಳಿಸಿದರು. ಒಂದು ಮೊರದಷ್ಟು ಹರಳು ಸುರಿದರು. ಮೊದಲು ಅದು ಒಣಗುವ ಬದಲು ಕರಗಿ ನೀರಾಯಿತು. ಅಪ್ಪ ಎದೆ ಹಿಡಿದುಕೊಂಡ. ಆಮೇಲೆ ನೀರು ಕೊತಕೊತ ಎಂದು ಗುಳ್ಳೆ ಎದ್ದಿತು. ಆಮೇಲೆ ಆ ಗುಳ್ಳೆಯೆಲ್ಲ ಬೆಳ್ಳಗೆ ಗಟ್ಟಿಯಾಗಿ, ಹೊಟ್ಟೆ ಉಬ್ಬಿಸಿಕೊಂಡು, ಬಾಣಲೆಯಿಂದ ಮೇಲೆದ್ದು, ಅಂಚು ದಾಟಿ, ನಮ್ಮನ್ನು ನೋಡಲು ಬಂದಂತೆ ಹೊರಗೆ ಇಣುಕಿತು. ಚಾಚಿ ಸೌಟಿನಿಂದ ತಟ್ಟಿದರು. ಪುಡಿಪುಡಿಯಾಗಿ ಬಿತ್ತು: ಬೆಳ್ಳಗೆ, ಹಗುರ, ಗರಿಗರಿ. ಮಂಡಕ್ಕಿ!

ಚಾಚಿಯ ಕೈ ಮೂವತ್ತು ವರ್ಷದ ಅಭ್ಯಾಸಕ್ಕೆ ಅದನ್ನು ಜರಡಿ ಹಿಡಿದು, ಬುಟ್ಟಿಗೆ ಸುರಿದು, ಮೇಲೊಂದು ಬಟ್ಟೆ ಮುಚ್ಚಿತು. ಆಮೇಲೆ ಚಾಚಿಗೆ ಎಚ್ಚರವಾಯಿತು.

"ಯಾ ಅಲ್ಲಾ! ನನ್ ಬಾಣಲೆಗೆ ಕಲ್ಲು ಹಾಕಿದ್ರೂ ಅರಳ್ತೈತಲ್ರೀ!"

ಅಪ್ಪ ಬುಟ್ಟಿಯನ್ನು ತಕ್ಕಡಿಗೆ ಇಟ್ಟ. ಹಾಕಿದ್ದಕ್ಕೂ ಬಂದದ್ದಕ್ಕೂ ಅರ್ಧಕ್ಕರ್ಧ ವ್ಯತ್ಯಾಸ. "ಉಳಿದದ್ದು ಎಲ್ಲಿ ಹೋತು?" ಎಂದ.

"ಹರಳಿನ ಹೊಟ್ಟೆಯೊಳಗೇ ನೀರಿರ್ತೈತಪ್ಪ. ಮೈ ಮೇಲಿನ ನೀರು ಆರಿಸು ಅಂದ್ರೆ ಚಾಚಿ ಹೊಟ್ಟೆಯೊಳಗಿಂದೂ ಆರಿಸಿದ್ರು." ಶಾಲೆಯ ವಿಜ್ಞಾನ ಜೀವನದಲ್ಲಿ ಒಂದು ಸಲ ಉಪಯೋಗಕ್ಕೆ ಬಂದದ್ದು ಹೀಗೆ.

ಅಪ್ಪ ಒಂದು ಹಿಡಿ ತೆಗೆದು ಬಕೆಟ್ಟಿನ ರಾಡಿ ನೀರಿಗೆ ಹಾಕಿದ. ಕೆಳಗಿಳಿದು ಮಣ್ಣು ಕೂರಿಸಬೇಕಾದ ಪಟಿಕ ಬಾತುಕೋಳಿಯಂತೆ ಮೇಲೆ ತೇಲಾಡುತ್ತ ಅಪ್ಪನನ್ನೇ ನೋಡಿತು. ಕರಗುವ ಲಕ್ಷಣವೇ ಇಲ್ಲ. ಅಪ್ಪ ಬಕೆಟ್ಟಿನ ಮೇಲೆ ಬಗ್ಗಿದ. ಅಳುತ್ತಾನೇನೋ ಎಂದುಕೊಂಡೆ. ಅವನ ಭುಜ ಕುಣಿಯಿತು. ಚಾಚಿಯ ಕಡೆ ನೋಡಿದ. ಇಬ್ಬರೂ ಒಟ್ಟಿಗೆ ನಗಲು ಶುರುಮಾಡಿದರು. ಎಷ್ಟು ನಕ್ಕರೆಂದರೆ, ಬೆಕ್ಕು ಬಂಡೆಯಿಂದ ಎದ್ದು ಹೋಯಿತು. ಹಾಗಾಗಿ ಜಾಗ ಖಾಲಿಯಾಯಿತು.

ಆಮೇಲೆ ನಾನು ಹೇಳಿದ ಹಾಗೆ ನಡೆಯಿತು. ಚಾಚಿ ಬಂಡೆಯ ಮೇಲೆ ಈಚಲು ಚಾಪೆ ಹಾಸಿಸಿದರು. "ಬಂಡೆಗೆ ಒಂದು ಹರಳು ತಾಕ್ಬಾರ್ದು ನೋಡು. ನಾಳೆ ನನ್ ಮಂಡಕ್ಕಿ ತಿಂದೋರ ನಾಲಿಗೆ ಒಗರಾದ್ರೆ ನಿನ್ನ ಕಟ್ಟಿ ಹಾಕ್ತೀನಿ." ಚಾಪೆಯ ಮೇಲೆ ಹರಳನ್ನು ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿದೆವು. ಕೆಳಗೆ ಹೊಗೆಯ ಬೆಚ್ಚಗೆ, ಮೇಲೆ ಸೂರು, ಪಕ್ಕದಲ್ಲಿ ಗಾಳಿ. ಸಂಜೆಯ ಹೊತ್ತಿಗೆ ಹರಳು ಬೆರಳಿನಿಂದ ಜಾರಿತು. ಗಾಜಿನಂತೆ ಟಣ್ಣೆಂದಿತು.

ಆದರೆ ಒಂದು ಬಂಡೆ ಸಾಲುವುದಿಲ್ಲ. ಅಪ್ಪ ಗಾಡಿಯಿಂದ ಇಳಿದ ಚೀಲಗಳ ಕಡೆ ನೋಡಿದ, ಬಂಡೆಯ ಕಡೆ ನೋಡಿದ, ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದಿದ್ದಾಗಿನ ಮುಖ ಮಾಡಿದ. ಚಾಚಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಯ ಬಾಯಲ್ಲಿ ನಿಂತು ಒಂದು ಕೂಗು ಹಾಕಿದರು. ಹತ್ತಿ ಗಿರಣಿಯ ಸೈರನ್ನಿಗೆ ನಾಚಿಕೆಯಾಗಿ ಅವತ್ತು ಅದು ಕೂಗಲೇ ಇಲ್ಲ ಎನ್ನುತ್ತಾರೆ. ಓಣಿಯ ಭಟ್ಟಿಗಳೆಲ್ಲ ಬಾಗಿಲು ತೆರೆದವು. ಒಬ್ಬರ ಮನೆಯ ಬಂಡೆ, ಇನ್ನೊಬ್ಬರ ಮನೆಯ ಚಾಪೆ, ಮತ್ತೊಬ್ಬರ ಮನೆಯ ಮಕ್ಕಳು. ಭಾನುವಾರವೆಲ್ಲ ಆ ಓಣಿಯಲ್ಲಿ ಪಟಿಕ ಬಿಟ್ಟು ಬೇರೆ ಮಾತಿಲ್ಲ. ಪ್ರತಿ ಬಂಡೆಯ ಹತ್ತಿರ ಯಾರಾದರೊಬ್ಬರು ಕೂತು, ಕೈಯಾಡಿಸುತ್ತ, ಮಿರ್ಚಿ ಬಜ್ಜಿ ತಿನ್ನುತ್ತ, ಪಕ್ಕದ ಬಂಡೆಯವರಿಗಿಂತ ತಮ್ಮದೇ ಮೊದಲು ಒಣಗಿತೆಂದು ಜಗಳ ಆಡುತ್ತಿದ್ದರು. ನಾನು ಮೇಲ್ವಿಚಾರಣೆ ನೋಡಿಕೊಂಡೆ. ಅಂದರೆ ಎಲ್ಲ ಬಂಡೆಯ ಹತ್ತಿರವೂ ಹೋಗಿ ಮಿರ್ಚಿ ತಿಂದೆ.

ಸೋಮವಾರ ಬೆಳಿಗ್ಗೆ ಚೀಲಗಳು ಚಾಚಿಯ ಬಾಗಿಲ ಮುಂದೆ ಸಾಲಾಗಿ ನಿಂತವು. ಅಪ್ಪ ಹೇಳಿ ಕಳಿಸಿದ್ದಂತೆ ಓವರ್‌ಸೀಯರು ಲಾರಿಯನ್ನು ಓಣಿಗೇ ತಂದರು. ಅಂಗಿಯ ತೋಳು ಮಡಚಿ, ಮೊದಲನೇ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿ, ಒಳಗೇ ಹುಡುಕಾಡಿ, ಹೊರಗೆ ತೆಗೆದರು. ಓಣಿಯವರೆಲ್ಲ ಮುಂದಕ್ಕೆ ಬಗ್ಗಿದರು. ಅಂಗೈ ಬೋಳು. ಒಂದು ಹರಳೂ ಅಂಟಿರಲಿಲ್ಲ. ಎರಡನೆಯದು, ಮೂರನೆಯದು. ಕೊನೆಯ ಚೀಲದ ಹೊತ್ತಿಗೆ ಅವರ ಕೈ, ಒಳಗೆ ಹೋದಾಗ ಇದ್ದದ್ದಕ್ಕಿಂತ ಒಣಗಿ ಬಂತು.

"ಒಣಗೈತ್ರಿ" ಎಂದರು. ಅವರ ಬಾಯಲ್ಲಿ ಅದು ಹಾರ ಹಾಕಿದ ಹಾಗೆ.

ಆಗ ಓಣಿಯ ತುದಿಯಲ್ಲಿ ರುಮಾಲು ಕಾಣಿಸಿತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನೂ ಕಾಣಿಸಿದರು. ಅವರು ಚೀಲ ನೋಡಿದರು, ಲಾರಿ ನೋಡಿದರು, ಭಟ್ಟಿ ನೋಡಿದರು. ಮುಖ ಗಂಟಾಯಿತು. ಅಪ್ಪನನ್ನು ಪಕ್ಕಕ್ಕೆ ಕರೆದರು.

"ಕೊಟ್ಯಪ್ಪ, ಸರಿ. ಆದ್ರೆ ಇದು ಲೆಕ್ಕಕ್ಕೆ ಬರಲ್ಲ. ಮಂದಿ ಒಲೆ ಮ್ಯಾಲೆ ಅಡಿಗೆ ಮಾಡಿ ಉಂಡ್ರೆ ಸಂಸಾರ ಆಗ್ತೈತಾ? ಇದು ನಿನ್ ಫ್ಯಾಕ್ಟರಿ ಒಣಗಿಸಿದ್ದಲ್ಲ, ಓಣಿ ಒಣಗಿಸಿದ್ದು. ನಾನು ಈ ವಾರನೇ ತಗಡು..."

ಅಪ್ಪನ ಮುಖ ಹಸಿ ಪಟಿಕದಂತೆ ಕರಗತೊಡಗಿತು. ಆದರೆ ದೊಡ್ಡಪ್ಪ ಮಾತಾಡುತ್ತ ನಿಂತಿದ್ದ ಜಾಗದಲ್ಲಿ, ಅವರ ಬಲಗೈಗೆ ಸರಿಯಾಗಿ ಎಟುಕುವ ಹಾಗೆ, ಒಂದು ಬುಟ್ಟಿ ಇತ್ತು. ಬೆಳ್ಳಗೆ, ಗರಿಗರಿ, ಬಟ್ಟೆ ಅರ್ಧ ಸರಿದಿತ್ತು. ಅದು ಅಲ್ಲಿಗೆ ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಬುಟ್ಟಿಗಳಿಗೆ ಕಾಲಿರುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ದೊಡ್ಡಪ್ಪ ದಾವಣಗೆರೆಯವರು. ಕಾನೂನು ಕಾನೂನೇ. ಮಾತಿನ ನಡುವೆಯೇ ಕೈ ತಾನಾಗಿ ಹೋಯಿತು, ಮುಷ್ಟಿ ತುಂಬಿತು, ಬಾಯಿಗೆ ಬಂತು.

ಪಟಿಕ ನಾಲಿಗೆಗೆ ಏನು ಮಾಡುತ್ತದೆ ಎಂದು ಗೊತ್ತಿಲ್ಲದಿದ್ದರೆ ಹಸಿ ನೆಲ್ಲಿಕಾಯಿ, ಎಳೆ ಬಾಳೆಕಾಯಿ, ಗೇರುಹಣ್ಣು ಮೂರನ್ನೂ ಒಟ್ಟಿಗೆ ಅಗಿದ ಹಾಗೆ ಅಂದುಕೊಳ್ಳಿ. ದೊಡ್ಡಪ್ಪನ ತುಟಿ ಮೊದಲು ಒಳಗೆ ಹೋಯಿತು. ಕೆನ್ನೆಗಳು ಅದರ ಹಿಂದೆ ಹೋದವು. ಮೀಸೆಯ ಎರಡು ತುದಿಗಳು ಜೀವನದಲ್ಲಿ ಮೊದಲ ಸಲ ಒಂದನ್ನೊಂದು ಭೇಟಿಯಾದವು. ಕಣ್ಣಲ್ಲಿ ನೀರು. ಉಗುಳೋಣವೆಂದರೆ ಸರ್ಕಾರದ ಮನುಷ್ಯ ಎದುರಿಗೇ ನಿಂತಿದ್ದಾರೆ, ನುಂಗೋಣವೆಂದರೆ ಗಂಟಲಿಗೆ ಬೀಗ.

ಓವರ್‌ಸೀಯರು ಆಗಲೇ ರುಮಾಲಿನ ಗಾತ್ರ ನೋಡಿ ಇವರೇ ಯಜಮಾನರು ಎಂದು ತೀರ್ಮಾನಿಸಿ ಹತ್ತಿರ ಬಂದರು. "ಯಜಮಾನ್ರೇ, ಮಾಲು ಪಸಂದೈತೆ. ಮಳೆಗಾಲ ಮುಗಿಯೋತನಕ ಹಿಂಗೇ ಕೊಡ್ತೀರಾ? ಫ್ಯಾಕ್ಟರಿ ನಡೆಸ್ತೀರಿ ತಾನೇ?"

ದೊಡ್ಡಪ್ಪ ಬಾಯಲ್ಲಿದ್ದದ್ದನ್ನು ಒಳಗೆ ತಳ್ಳಲು, ಎಮ್ಮೆ ಔಷಧಿ ನುಂಗುವ ಹಾಗೆ, ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಜೋರಾಗಿ ಆಡಿಸಿದರು.

"ಆತು ಬಿಡ್ರಿ!" ಎಂದರು ಓವರ್‌ಸೀಯರು. "ಬಾಯಿ ತುಂಬ ಮಂಡಕ್ಕಿ ಐತೆ ಪಾಪ, ಆದ್ರೂ ನಾಕು ಸಲ ಹೂಂ ಅಂದ್ರು."

ಓಣಿಗೆ ಓಣಿಯೇ ನೋಡಿತ್ತು. ಬಜಾರಿನಲ್ಲಿ ಬ್ಯಾಂಕಿನ ಮರ್ಯಾದೆ ಇರುವ ತಲೆ, ಹಗಲು ಹೊತ್ತಿನಲ್ಲಿ, ಸರ್ಕಾರದ ಮನುಷ್ಯನ ಮುಂದೆ ಆಡಿತ್ತು. ಲಾರಿ ಹೋದ ಮೇಲೆ ದೊಡ್ಡಪ್ಪ ಚಾಚಿಯ ಮನೆಯ ಮಜ್ಜಿಗೆ ಗಡಿಗೆಯನ್ನು ಎತ್ತಿ ಹಿಡಿದು ತಳ ಕಾಣಿಸಿ, ಮೊದಲ ಮಾತು ಆಡಿದರು.

"ಯಾವಳೇ ಅದು ಬುಟ್ಟಿ ಇಟ್ಟಿದ್ದು?"

"ಮಂದಿ ಬುಟ್ಟಿಗೆ ಕೇಳದೆ ಕೈ ಹಾಕಿದ್ದು ಯಾರ್ರೀ?" ಎಂದರು ಚಾಚಿ.

ಅಪ್ಪ ಖಾಲಿ ಬಂಡೆಯ ಮೇಲೆ ಕೂತುಕೊಂಡು ದೊಡ್ಡಪ್ಪನ ತಲೆಯ ಕಡೆ ಭಕ್ತಿಯಿಂದ ನೋಡುತ್ತಿದ್ದ.

ಕೊಟ್ಟ ಮಾತು ಉಳಿಸಬೇಕಾದರೆ ಒಣಗಿಸಲು ಜಾಗ ಬೇಕು. ಪ್ರತಿ ವಾರ ಓಣಿಯವರ ಬೆಕ್ಕು ಎಬ್ಬಿಸಲು ಆಗುವುದಿಲ್ಲ. ದೊಡ್ಡಪ್ಪ ಬೈದುಕೊಂಡೇ ಹರಿಹರಕ್ಕೆ ಬಂಡೆ ಹೊರಿಸಿದರು. ಅಪ್ಪನ ಕುದಿಸುವ ಒಲೆಯ ಹೊಗೆ ಅಲ್ಲಿಯವರೆಗೆ ಸುಮ್ಮನೆ ಆಕಾಶಕ್ಕೆ ಹೋಗಿ ಹದ್ದುಗಳಿಗೆ ಕೆಮ್ಮು ಬರಿಸುತ್ತಿತ್ತು. ಈಗ ಅದು ಕಟ್ಟೆಯ ಅಡಿಯ ಕಾಲುವೆಯಲ್ಲಿ ಹರಿದು ಆ ತುದಿಯಲ್ಲಿ ಹೊರಬರುತ್ತದೆ. ಕಟ್ಟೆಗೆ ಸೂರು ಬಂತು, ಅಗಲ ಬಂತು. ಅಳತೆ ಹೇಳಿ ಕಟ್ಟಿಸಿದವರು ಚಾಚಿ. ಅವರಿಗೆ ಹಾಗೆಂದು ಹೇಳಿದವಳು ನಾನು.

ಬುಟ್ಟಿಯಲ್ಲಿ ಉಳಿದ ಪಟಿಕದ ಮಂಡಕ್ಕಿಯನ್ನು ಅವ್ವ ಕುಟ್ಟಿ, ಲವಂಗ ಬೆರೆಸಿ ಹಲ್ಲುಪುಡಿ ಮಾಡಿದಳು. ದೊಡ್ಡಪ್ಪ ಮಾತ್ರ ಬೇವಿನಕಡ್ಡಿ ಬಿಡಲಿಲ್ಲ. ಮಂಡಕ್ಕಿ ಬುಟ್ಟಿ ಕಂಡರೆ ಈಗಲೂ ಕೈ ಹಾಕುತ್ತಾರೆ, ಆದರೆ ಮೊದಲು ಒಂದೇ ಒಂದು ಕಾಳು ನಾಲಿಗೆಯ ತುದಿಗೆ ಇಟ್ಟು, ಅಕ್ಕಸಾಲಿಗ ಚಿನ್ನ ನೋಡಿದ ಹಾಗೆ ನೋಡುತ್ತಾರೆ.

ಅವರಿಗೆ ಮಂಡಿನೋವು. ಹೋದ ವಾರ ಶೆಡ್ಡು ನೋಡಲೆಂದು ಬಂದವರು ಬೆಚ್ಚನೆಯ ಕಟ್ಟೆಯ ಮೇಲೆ ಕೂತರು. ಕೂತವರು ಕಾಲು ಚಾಚಿದರು. ಕಾಲು ಚಾಚಿದವರು ರುಮಾಲು ತೆಗೆದು ದಿಂಬು ಮಾಡಿಕೊಂಡರು. ಮಧ್ಯಾಹ್ನವಾದರೂ ಏಳಲಿಲ್ಲ. ಹೊರಗೆ ಮಳೆ, ಹೊಳೆ ಚಹಾದ ಬಣ್ಣ, ತೊಟ್ಟಿಯಲ್ಲಿ ಹರಳು ಕಾಯುತ್ತಿತ್ತು. ಅಪ್ಪ ಹಸಿ ಹರಳಿನ ಬುಟ್ಟಿ ಹೊತ್ತು ಅವರ ತಲೆಯ ಹತ್ತಿರ ನಿಂತ.

"ಅಣ್ಣಾ, ವಸಿ ಸರಕೋ. ನೀನ್ ಮಲಗಿದ ಜಾಗದಾಗ ಒಂದು ಚೀಲ ಒಣಗ್ತೈತೆ."

ದೊಡ್ಡಪ್ಪ ಕಣ್ಣು ಬಿಡದೆ ಇನ್ನೊಂದು ಮಗ್ಗುಲಿಗೆ ಹೊರಳಿದರು. "ಅದಕ್ಕೇ ಹೇಳಿದ್ದು ನಿಂಗೆ, ಕಟ್ಟೆ ಸಾಲಲ್ಲ ಅಂತ."